ಕಾಲೇಜಿಗೆ ಹೋಗದ ಕಾರು

ನನ್ನ ಬಲಗಾಲಿಗೆ ಒಂದು ಚಾಳಿ ಇದೆ. ಬೇರೆ ಯಾರಾದರೂ ಕಾರು ಓಡಿಸುತ್ತಿದ್ದು ನಾನು ಬಾಜೂ ಸೀಟಿನಲ್ಲಿ ಕೂತಿದ್ದರೆ, ಎದುರಿಗೆ ಒಂದು ಎಮ್ಮೆಯೋ ಟ್ರ್ಯಾಕ್ಟರೋ, ಕೊನೆಗೆ ರಸ್ತೆಯ ಆಚೆ ದಂಡೆಗೆ ನಿಂತ ಒಂದು ಕೋಳಿಯೋ ಕಂಡರೂ ಸಾಕು, ಅದು ತಾನಾಗಿಯೇ ಕೆಳಗಿನ ಮ್ಯಾಟನ್ನು ಜೋರಾಗಿ ಒತ್ತುತ್ತದೆ. ಅಲ್ಲಿ ಬ್ರೇಕು ಇಲ್ಲ ಎಂಬುದು ನನಗೆ ಗೊತ್ತು, ಕಾಲಿಗೆ ಗೊತ್ತಿಲ್ಲ. ಮೊನ್ನೆ ಜೇವರ್ಗಿಯಿಂದ ಇಜೇರಿಗೆ, ಅಂದರೆ ನನ್ನ ಹೆಂಡತಿಯ ತವರಿಗೆ ಹೊರಟಿದ್ದೆವು. ಕಾರು ಆಕೆಯ ಕೈಯಲ್ಲಿತ್ತು. ಊರು ಮುಟ್ಟುವಷ್ಟರಲ್ಲಿ ನನ್ನ ಕಾಲಬುಡದ ಮ್ಯಾಟು ಒಣಗಿದ ರೊಟ್ಟಿಯಂತೆ ಮುದುಡಿಕೊಂಡಿತ್ತು.

"ನನ್ನ ಮ್ಯಾಲ ನಿಮಗ ಇಷ್ಟೂ ಭರೋಸಾ ಇಲ್ಲೇನ್ರಿ?" ಅಂದಳು.

"ನಿಂದಲ್ಲಬೇ ಇದು. ನಮ್ಮವ್ವನ ಕಾಲದಿಂದ ಹತ್ತಿದ ಚಾಳಿ," ಅಂದೆ. ಅಷ್ಟು ಬಾಯಿ ಬಿಟ್ಟ ಮೇಲೆ ಪೂರಾ ಹೇಳಲೇಬೇಕಾಯಿತು. ಆಕೆಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ಮೊದಲೇ ಒಂದು ಮಾತು ತಿಳಿಸಿಬಿಡುವುದು ಒಳ್ಳೆಯದು. ನಾನು ಹೊಟ್ಟೆಕಿಚ್ಚಿನ ಮನುಷ್ಯ. ಸಣ್ಣದರಿಂದಲೂ ಹಾಗೇ. ಆಳಂದದಲ್ಲಿ ನಮ್ಮ ಬಾಜೂ ಮನೆಯ ಇಸ್ಮಾಯಿಲ್, ನನ್ನದೇ ವಯಸ್ಸಿನವನು, ಒಮ್ಮೆ ಓಣಿಯ ಹುಣಸೆ ಗಿಡದಿಂದ ಬಿದ್ದು ಕೈ ಮುರಿದುಕೊಂಡ. ಕೈಗೆ ಬೆಳ್ಳಗಿನ ಪ್ಲಾಸ್ಟರ್ ಬಂತು. ಅದರ ಮೇಲೆ ಓಣಿಯ ಹುಡುಗರೆಲ್ಲ ಪೆನ್ನಿನಿಂದ ತಮ್ಮ ತಮ್ಮ ಹೆಸರು ಬರೆದರು. ಅವನ ಅಮ್ಮಿ ಹಾಲಿನಲ್ಲಿ ಬ್ರೆಡ್ಡು ನೆನೆಸಿ ತಾನೇ ಬಾಯಿಗಿಟ್ಟು ತಿನ್ನಿಸುತ್ತಿದ್ದಳು. ಶಾಲೆಯಲ್ಲಿ ಬರೆಯುವುದರಿಂದ ಮಾಫಿ. ನನಗೆ ತಡೆಯಲಾಗಲಿಲ್ಲ. ಅದೇ ಹುಣಸೆ ಗಿಡಕ್ಕೆ ದಿನಾ ಹತ್ತಿದೆ. ಹತ್ತುವುದು ಛಲೋ ಬಂತು, ಬೀಳುವುದು ಮಾತ್ರ ಬರಲಿಲ್ಲ. ನಮ್ಮ ಓಣಿಯಲ್ಲಿ ಗಿಡ ಹತ್ತುವುದರಲ್ಲಿ ನನ್ನ ಸಮ ಯಾರೂ ಇಲ್ಲ ಎಂಬ ಹೆಸರು ಬಂದು ಅಲ್ಲಿಗೇ ಅದು ಮುಗಿಯಿತು.

ಇನ್ನೊಂದು ಕಿಚ್ಚು ಇದಕ್ಕಿಂತ ಹಳೆಯದು. ನಮ್ಮವ್ವ ಮಹಾರಾಷ್ಟ್ರದ ಗಡಿ ಕಡೆಯ ಒಂದು ಸಣ್ಣ ಹಳ್ಳಿಯ ಸರಕಾರಿ ಶಾಲೆಯಲ್ಲಿ ಟೀಚರು. ನನ್ನ ಶಾಲೆಗೆ ಸೂಟಿ ಇದ್ದು ಆಕೆಯ ಶಾಲೆಗೆ ಇಲ್ಲದಿದ್ದರೆ ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದಳು. ಅಲ್ಲಿನ ಹುಡುಗರು ಆಕೆಗೆ ಹೊಲದಿಂದ ಹಸಿ ಕಡಲೆಯ ಸುಲಗಾಯಿ ತಂದು ಕೊಡುತ್ತಿದ್ದರು. ಒಬ್ಬ ಹುಡುಗಿ ತನ್ನ ಫ್ರಾಕಿನಿಂದಲೇ ಅವ್ವನ ಕುರ್ಚಿ ಒರೆಸುತ್ತಿದ್ದಳು. ಅವ್ವ ಅವರ ಜೊತೆ ನಗುವಷ್ಟು ಮನೆಯಲ್ಲಿ ನನ್ನ ಜೊತೆ ನಗುವುದಿಲ್ಲ ಎಂದು ನನಗೆ ಖಾತ್ರಿಯಾಗಿತ್ತು. ಅಲ್ಲಿದ್ದಷ್ಟು ಹೊತ್ತೂ ಆಕೆಯ ಸೆರಗಿನ ತುದಿ ಹಿಡಿದುಕೊಂಡು, ಈ ಹೆಣ್ಣುಮಗಳು ನನ್ನ ಸ್ವಂತದ್ದು ಎಂದು ತೋರಿಸುತ್ತ ಕುರ್ಚಿಯ ಹಿಂದೆ ನಿಂತಿರುತ್ತಿದ್ದೆ.

ಅಂಥ ನನ್ನ ಮುಂದೆ ಕೆಂಪು ಕಾರು ಬಂದು ನಿಂತರೆ ಏನಾದೀತು, ನೀವೇ ವಿಚಾರ ಮಾಡ್ರಿ.

ಅದು ನನಗೆ ಕಲಬುರಗಿಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಸೀಟು ಸಿಕ್ಕ ವರ್ಷ. ಕಾಲೇಜು ಇನ್ನೂ ಶುರುವಾಗಿರಲಿಲ್ಲ. ಒಂದು ಐತವಾರ ಮುಂಜಾನೆ ಮನೆ ಮುಂದೆ ಹಾರ್ನಿನ ಸದ್ದು ಕೇಳಿ ಹೊರಗೆ ಬಂದೆ. ಆಗತಾನೇ ಕುಟ್ಟಿದ ಖಾರಪುಡಿಯಂಥ ಕೆಂಪು ಕಾರು. ಬಾನೆಟ್ಟಿನ ಮೇಲೆ ಚೆಂಡುಹೂವಿನ ಮಾಲೆ ಇನ್ನೂ ಬಾಡಿರಲಿಲ್ಲ. ಅಫಜಲಪುರ ತಾಲೂಕಿನ ಗೊಬ್ಬೂರಿನಿಂದ ಅಪ್ಪನ ತಂಗಿ, ಅಂದರೆ ನನ್ನ ಅತ್ತಿ, ಮಾಮಾ ಮತ್ತು ಅವರ ಮಗಳು ಅಶ್ವಿನಿ ಬಂದಿದ್ದರು. ಮಾಮಾ ಹಿಂದಿನ ಸೀಟಿನಲ್ಲಿ ಪೇಢೆಯ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಬೀಗರಂತೆ ಕೂತಿದ್ದ. ಸ್ಟೇರಿಂಗ್ ಹಿಡಿದಿದ್ದವಳು ಅಶ್ವಿನಿ.

"ಮಾಮಾ, ನೀವ್ಯಾಕ ಹಿಂದ ಕುಂತೀರಿ?" ಅಂದೆ.

"ಗಾಡಿ ನಂದಲ್ಲೋ ಶರಣೂ, ಆಕಿದು," ಅಂದ ಮಾಮಾ. "ನಿಮ್ಮ ಕಾಲೇಜಿನ್ಯಾಗೇ ಸೀಟ್ ಸಿಕ್ಕದ. ದಿನಾ ಗೊಬ್ಬೂರಿಂದ ಕಲಬುರಗಿಗೆ ಹೋಗಿ ಬರೋದು ಅಂದ್ರ ಬಸ್ಸಿನ್ಯಾಗ ನಿಂತು ನಿಂತೇ ಸೊರಗಿ ಹೋಗ್ತಾಳ."

ನಾನೂ ದಿನಾ ಆಳಂದದಿಂದ ಕಲಬುರಗಿಗೆ ಹೋಗಿ ಬರುವವನಿದ್ದೆ. ನಾನು ಸೊರಗುವ ಬಗ್ಗೆ ಇಲ್ಲಿಯತನಕ ಯಾರೂ ಚಿಂತೆ ಮಾಡಿರಲಿಲ್ಲ.

ಅವ್ವ ಕಾರಿನ ಸುತ್ತ ಒಂದು ಸುತ್ತು ಹಾಕಿದಳು. ಬಾನೆಟ್ಟಿನ ಮೇಲೆ ಮೆಲ್ಲಗೆ ಕೈಯಿಟ್ಟು, "ಬಿಸಿ ಅದ," ಅಂದಳು. ಆಮೇಲೆ ಕಿಟಕಿಯಲ್ಲಿ ಬಗ್ಗಿ ಅಶ್ವಿನಿಗೆ, "ಗೇರ್ ಹಾಕುವಾಗ ಅಂಜಿಕಿ ಆಗಂಗಿಲ್ಲೇನಬೇ?" ಎಂದು ಕೇಳಿದಳು. ಅಶ್ವಿನಿ ನಕ್ಕು, "ಮೊದಲು ಆಗತದ ಅತ್ತಿ, ಆಮ್ಯಾಲ ಕೈಗೇ ಗೊತ್ತಾಗತದ," ಅಂದಳು. ಆ ನಗು ಕೂಡ ನನಗೆ ಕಾರಿನ ಜೊತೆಗೇ ಬಂದ ಹೊಸ ಸಾಮಾನಿನಂತೆ ಕಂಡಿತು.

"ಬಾ, ಒಂದು ರೌಂಡ್ ಹೋಗಿ ಬರೋಣ," ಎಂದು ನನ್ನನ್ನು ಬಾಜೂಕೆ ಕೂಡಿಸಿಕೊಂಡು ಬಜಾರಿನ ಕಡೆ ಹೊರಟಳು. ನಮ್ಮೂರಿನ ಬಜಾರಿನಲ್ಲಿ ಒಂದು ಹುಡುಗಿ ಹೊಸ ಕಾರು ಓಡಿಸಿಕೊಂಡು ಹೋದರೆ ನೋಡದವರು ಯಾರಿದ್ದಾರೆ? ಭಜಿ ಕರಿಯುವವನ ಜಾಲರಿ ಗಾಳಿಯಲ್ಲೇ ನಿಂತಿತು. ತನ್ನ ಅಣ್ಣನ ಮೊಬೈಲ್ ಅಂಗಡಿಯ ಮುಂದೆ ಕೂತಿದ್ದ ಇಸ್ಮಾಯಿಲ್ ಎದ್ದು ನಿಂತು, "ಅರೇ, ಕ್ಯಾ ಗಾಡಿ ಹೈ!" ಎಂದು ಕೈ ಬೀಸಿದ. ನಾನೂ ಕೈ ಬೀಸಿದೆ. ಅವನು ನನ್ನನ್ನು ನೋಡಲೇ ಇಲ್ಲ. ದಿನಾ ಎರಡು ಹೊತ್ತು ನನ್ನ ಮುಖ ನೋಡುವವನು, ಅವತ್ತು ನನ್ನ ಮೂಲಕ ಆಚೆಗಿನ ಅಶ್ವಿನಿಯನ್ನು ನೋಡಿದ. ನಾನು ಕಿಟಕಿಯ ಗಾಜಿನಂತೆ ಕೂತಿದ್ದೆ.

ನಮ್ಮ ಮನೆಯಲ್ಲೂ ಒಂದು ಕಾರು ಇತ್ತು ಎಂದು ಈಗ ಹೇಳಬೇಕು. ಬಿಳಿ ಬಣ್ಣದ್ದು, ಸಣ್ಣದು, ಅಪ್ಪ ಸೊಲ್ಲಾಪುರ ಕಡೆಯ ಯಾರಿಂದಲೋ ಹಳೆಯದನ್ನು ಕೊಂಡದ್ದು. ಬಸ್ ಸ್ಟ್ಯಾಂಡಿನ ಹತ್ತಿರ ಅಪ್ಪನದು ಬೀಜ-ಗೊಬ್ಬರದ ಅಂಗಡಿ. ಮೊದಲು ಅಲ್ಲಿಗೂ ಮದುವೆ-ಮುಂಜಿಗೂ ಅದರಲ್ಲೇ ಹೋಗುತ್ತಿದ್ದ. ಎಡ ಮೊಣಕಾಲಿನ ನೋವು ಶುರುವಾಗಿ ಕ್ಲಚ್ ಒತ್ತುವುದು ಕಷ್ಟವಾದ ಮೇಲೆ ಅಂಗಳದ ಮೂಲೆಯಲ್ಲಿ ತಾಡಪತ್ರಿ ಹೊದಿಸಿ ನಿಲ್ಲಿಸಿಬಿಟ್ಟ. ವಾರಕ್ಕೊಮ್ಮೆ ಇಸ್ಮಾಯಿಲನ ಅಣ್ಣ ಬಂದು ಒಂದಷ್ಟು ದೂರ ಓಡಿಸಿ ತಂದಿಡುತ್ತಿದ್ದ, ಬ್ಯಾಟರಿ ಸಾಯಬಾರದೆಂದು.

ಗೊಬ್ಬೂರಿನವರು ಹೋದ ಮೇಲೆ ಊಟಕ್ಕೆ ಕೂತಾಗ ನಾನು ಶುರು ಮಾಡಿದೆ. "ಅಪ್ಪಾ, ನಾನೂ ಕಾರಿನ್ಯಾಗೇ ಕಾಲೇಜಿಗೆ ಹೋಗ್ತೇನಿ."

ಅಪ್ಪ ರೊಟ್ಟಿ ಮುರಿಯುತ್ತ, "ಯಾವ ಕಾರಿನ್ಯಾಗ?" ಅಂದ.

"ನಮ್ಮ ಕಾರಿನ್ಯಾಗ."

"ಅದರ ತಾಡಪತ್ರಿಯೊಳಗ ಬೆಕ್ಕು ಮರಿ ಹಾಕ್ಯಾದಲೇ."

"ಬೆಕ್ಕಿಗೇನು ಕಾಲೇಜ್ ಅದೇನು?"

ಅವ್ವ ನಕ್ಕಳು. ಅಪ್ಪ ನಗಲಿಲ್ಲ. ಶೇಂಗಾ ಹಿಂಡಿಗೆ ಮೊಸರು ಕಲಸಿಕೊಳ್ಳುತ್ತ ಹೇಳಿದ: "ಮೊದಲು ಓಡಿಸೋದು ಕಲಿ. ಲೈಸೆನ್ಸ್ ತಗೋ. ಆಮ್ಯಾಲ ಒಯ್ಯೋದೋ ಬಿಡೋದೋ ನೀನೇ ವಿಚಾರ ಮಾಡು. ನಾ ಹೂಂ ಅನ್ನಂಗಿಲ್ಲ, ಊಹೂಂ ಅನ್ನಂಗಿಲ್ಲ."

ಅಪ್ಪ ಬೈದಿದ್ದರೆ ಜಗಳವಾಡಿ, ಎರಡು ದಿನ ಮುಖ ಉಬ್ಬಿಸಿಕೊಂಡು ಮರೆತುಬಿಡುತ್ತಿದ್ದೆ. ನೀನೇ ವಿಚಾರ ಮಾಡು ಅಂದದ್ದೇ ಫಜೀತಿಗೆ ಬಂತು.

ಮಳೆಗಾಲದಲ್ಲಿ ನಮ್ಮೂರಿನ ತೊಗರಿ ಮಾರ್ಕೆಟ್ ಯಾರ್ಡು ಖಾಲಿ ಬಿದ್ದಿರುತ್ತದೆ. ಸುಗ್ಗಿಯಲ್ಲಿ ಕಾಲಿಡಲು ಜಾಗ ಇರದ ಆ ಬಯಲಿನಲ್ಲಿ ಐತವಾರ ಐತವಾರ ನನ್ನ ಕಾರಿನ ಪಾಠ ನಡೆಯಿತು. ಅಪ್ಪ ಎಡಗಡೆ ಕೂತು ಮೊಣಕಾಲು ನೀವಿಕೊಳ್ಳುತ್ತ ಹೇಳಿಕೊಡುತ್ತಿದ್ದ. ಅವ್ವ, "ಮನ್ಯಾಗ ಕುಂತು ಏನು ಮಾಡ್ಲಿ, ಒಂದಷ್ಟು ಗಾಳಿ ತಗೊಂಡು ಬರ್ತೇನಿ," ಎಂದು ನೆನೆಸಿ ಒಗ್ಗರಣೆ ಹಾಕಿದ ಚುನಮುರಿ ಸುಸಲಾದ ಡಬ್ಬಿ ಹಿಡಿದು ಹಿಂದೆ ಕೂಡುತ್ತಿದ್ದಳು.

ನನ್ನ ಕೈಯಲ್ಲಿ ಕಾರು ಕಪ್ಪೆಯಂತೆ ಕುಪ್ಪಳಿಸುತ್ತಿತ್ತು. "ಕ್ಲಚ್ ಬಿಡೋದು ಸಾವಕಾಶ ಇರಲಿ. ಸಾವಕಾಶ! ಹಾಲಿನ ಬೋಗಾಣಿ ಇಳಿಸಿದಂಗ ಇಳಸಬೇಕಲೇ!" ಎಂದು ಅಪ್ಪ ಕೂಗುತ್ತಿದ್ದ. ನಾನು ಒಲೆಯಿಂದ ಹಾಲಿನ ಪಾತ್ರೆ ಎಂದೂ ಇಳಿಸಿದವನಲ್ಲ. ಕಾರು ಎರಡು ಸಲ ಕೆಮ್ಮಿ ನಿಲ್ಲುತ್ತಿತ್ತು.

ಮೂರನೆಯದೋ ನಾಲ್ಕನೆಯದೋ ಐತವಾರ ಇರಬೇಕು, ಹಿಂದಿನಿಂದ ಅವ್ವನ ದನಿ ಬಂತು. "ರೀ, ನಾನೂ ಒಂದು ಸಲ ನೋಡ್ಲೇನು?"

ಅಪ್ಪನೂ ನಾನೂ ಕೂಡಿಯೇ ತಿರುಗಿ ನೋಡಿದೆವು. ಅವ್ವ ಡಬ್ಬಿಯ ಮುಚ್ಚಳ ಹಾಕಿ ಪಕ್ಕಕ್ಕಿಟ್ಟು, ಚಪ್ಪಲಿ ಬಿಟ್ಟು, ಸೆರಗು ಸುತ್ತಿ ಸೊಂಟಕ್ಕೆ ಸಿಗಿಸಿಕೊಂಡು ಆಗಲೇ ಇಳಿದಿದ್ದಳು. "ಇವನಿಗೆ ಹೇಳೋದು ಕೇಳಿ ಕೇಳಿ ನಂಗೇ ಬಾಯಿಪಾಠ ಆಗ್ಯಾದ," ಅಂದಳು.

ಕೂತಳು. ಕೀಲಿ ತಿರುವಿದಳು. ಕಾಲು ಎಲ್ಲೆಲ್ಲಿಡಬೇಕೆಂದು ಒಮ್ಮೆ ಬಗ್ಗಿ ನೋಡಿಕೊಂಡಳು. ಕಾರು ಕುಪ್ಪಳಿಸಲಿಲ್ಲ, ಕೆಮ್ಮಲಿಲ್ಲ. ಬೋಗಾಣಿ ಇಳಿಸಿದಂತೆಯೇ ಕ್ಲಚ್ ಬಿಟ್ಟಳು. ಕಾರು ನೀರಿನ ಮೇಲೆ ಹೋದಂತೆ ಯಾರ್ಡಿನ ಆ ತುದಿಯತನಕ ಹೋಯಿತು. ಹಿಂದಿನ ಸೀಟಿನಲ್ಲಿ ಸುಸಲಾದ ಡಬ್ಬಿ ಹಿಡಿದುಕೊಂಡು ಈಗ ನಾನು ಕೂತಿದ್ದೆ.

"ಅಬ್ಬಬ್ಬಾ, ನೀಲಾ!" ಎಂದು ಅಪ್ಪ ಚಪ್ಪಾಳೆ ಹೊಡೆದ. ನನ್ನ ಹತ್ತನೇ ಇಯತ್ತೆಯ ರಿಸಲ್ಟಿಗೆ ಅಪ್ಪ ಚಪ್ಪಾಳೆ ಹೊಡೆದ ನೆನಪಿಲ್ಲ.

ಆಮೇಲಿನಿಂದ ಪಾಠಕ್ಕೆ ಇಬ್ಬರು ವಿದ್ಯಾರ್ಥಿಗಳಾದೆವು. ಲೈಸೆನ್ಸಿನ ಪರೀಕ್ಷೆಯಲ್ಲಿ ಅವ್ವ ಮೊದಲ ಸಲಕ್ಕೇ ಪಾಸು. ನಾನು ಹಿಂದಕ್ಕೆ ತೆಗೆದುಕೊಳ್ಳುವಾಗ ನಿಲ್ಲಿಸಿದ್ದ ಕಂಬ ಬೀಳಿಸಿ, ಮತ್ತೊಮ್ಮೆ ಹೋಗಿ ಪಾಸಾಗಬೇಕಾಯಿತು. ಅವ್ವ ಸಾಂತ್ವನಕ್ಕೆಂದು, "ನಿನ್ನ ಕಂಬ ಜರಾ ಹತ್ರ ನಿಲ್ಲಿಸಿದ್ರು ಬಿಡು," ಅಂದಳು. ಇಬ್ಬರದ್ದೂ ಅದೇ ಕಂಬ.

ಅಷ್ಟರಲ್ಲಿ ಕಾಲೇಜು ಶುರುವಾಗಿತ್ತು. ನಾನೂ ಇಸ್ಮಾಯಿಲ್‌ನೂ ಮುಂಜಾನೆಯ ಬಸ್ಸಿಗೆ ಜೋತುಬಿದ್ದು ಕಲಬುರಗಿಗೆ ಹೋಗುತ್ತಿದ್ದೆವು. ಅವನು ಅಲ್ಲಿ ಬಿ.ಕಾಂ. ಓದುತ್ತಿದ್ದ. ನಾನು ಅಂಗಿ ಮುದ್ದೆಯಾಗಿ ಬೆವರು ಒರೆಸಿಕೊಳ್ಳುತ್ತ ಗೇಟಿನಲ್ಲಿ ಕಾಲಿಡುವ ಹೊತ್ತಿಗೆ ಸರಿಯಾಗಿ ಕೆಂಪು ಕಾರು ಬೇವಿನ ಮರದ ನೆರಳಿಗೆ ಬಂದು ನಿಲ್ಲುತ್ತಿತ್ತು. ಅಶ್ವಿನಿ ಇಸ್ತ್ರಿ ಮುರಿಯದ ಡ್ರೆಸ್ಸಿನಲ್ಲಿ ಇಳಿಯುತ್ತಿದ್ದಳು. ಕ್ಲಾಸಿನ ಅರ್ಧ ಮಂದಿ ಮರದ ಕೆಳಗೇ ಇರುತ್ತಿದ್ದರು. ಯಾರಿಗೋ ಝೆರಾಕ್ಸಿಗೆ ಹೋಗಬೇಕು, ಯಾರಿಗೋ ಸ್ಟೇಷನ್ನಿಗೆ. ಸಂಜೆ ನನಗೂ, "ಬಸ್ ಸ್ಟ್ಯಾಂಡ್ ತನಕ ಬಿಡ್ತೇನಿ ಬಾ," ಅನ್ನುತ್ತಿದ್ದಳು. "ಬ್ಯಾಡ, ನನಗ ನಡಕೋತ ಹೋಗೋದೇ ಛಲೋ ಅನಸ್ತದ," ಎಂದು ಕಲಬುರಗಿಯ ಬಿಸಿಲಿನಲ್ಲಿ ಹಲ್ಲು ಕಚ್ಚಿ ನಡೆಯುತ್ತಿದ್ದೆ.

ನನಗೂ ಲೈಸೆನ್ಸು ಬಂದ ವಾರ ಅಪ್ಪ ಕಾರು ತೊಳೆಸಿ, ಗಾಳಿ ಹಾಕಿಸಿ, ಕೀಲಿಯನ್ನು ಊಟದ ಹೊತ್ತಿಗೆ ನಮ್ಮಿಬ್ಬರ ನಡುವೆ ಇಟ್ಟ. "ಇಬ್ಬರಿಗೂ ಲೈಸೆನ್ಸ್ ಬಂದದ. ಕಾರು ಒಂದೇ ಅದ. ಇವನ ಕಾಲೇಜು ಆ ಕಡೆ, ಇಕಿ ಶಾಲಿ ಈ ಕಡೆ. ಏನು ಮಾಡ್ತೀರಿ ನೋಡ್ರಿ."

ಅವ್ವ ಒಂದು ಕ್ಷಣವೂ ತಡಮಾಡಲಿಲ್ಲ. "ಅವನೇ ಒಯ್ಲಿ. ಅವ ಓದೋ ಹುಡುಗ. ನನಗೇನು, ಬಸ್ಸು ರೂಢಿ ಆಗಿಬಿಟ್ಟದ," ಎಂದು ತಾಟು ಎತ್ತಿಕೊಂಡು ಒಳಗೆ ಹೋದಳು. ಒಳಗೆ ಪಾತ್ರೆಗಳ ಸದ್ದು ಎಂದಿಗಿಂತ ತುಸು ಜೋರಿತ್ತು. ನನಗೆ ಕೀಲಿ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ.

ಮರುದಿನ ಇಸ್ಮಾಯಿಲ್‌ನನ್ನು ಕರೆದೆ. ಅವನು ಕಾರನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, "ನಹೀ ಭಾಯಿ, ನಂದಿನ್ನೂ ಮದುವಿ ಆಗಿಲ್ಲ. ಬಸ್ಸಿನ್ಯಾಗ ಬರ್ತೇನಿ," ಅಂದ. ಒಬ್ಬನೇ ಹೊರಟೆ. ಲಾರಿಗಳು ಹಾರ್ನು ಹೊಡೆದಾಗಲೆಲ್ಲ ರಸ್ತೆಯ ದಂಡೆಗೆ ಇಳಿಸಿ, ಅವು ಹೋದ ಮೇಲೆ ಮತ್ತೆ ಹತ್ತಿಸಿ, ಅಂಗೈ ಬೆವರನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತ ಹೋದೆ. ಕಿಟಕಿಯ ಆಚೆ ಏನಿತ್ತೋ ದೇವರಿಗೇ ಗೊತ್ತು. ಕಾಲೇಜು ಮುಟ್ಟಿದಾಗ ಬೇವಿನ ನೆರಳೆಲ್ಲ ತುಂಬಿತ್ತು. ಶೌಚಾಲಯದ ಗೋಡೆಯ ಬದಿಗೆ, ಉರಿಬಿಸಿಲಿನಲ್ಲಿ ಜಾಗ ಸಿಕ್ಕಿತು. ಆದರೂ ತಕ್ಷಣ ಇಳಿಯಲಿಲ್ಲ. ಅಶ್ವಿನಿಯೂ ಆಕೆಯ ಗೆಳತಿಯರೂ ಈ ಕಡೆ ನೋಡುವತನಕ ಕಾದು, ನೋಡಿದರು ಎಂದ ಮೇಲೆ ಬಾಗಿಲು ತೆಗೆದೆ.

ಅಶ್ವಿನಿ ಓಡಿಯೇ ಬಂದಳು. ಖರೇವಂದ್ರ ಆಕೆಗೆ ಭಾಳ ಖುಷಿಯಾಗಿತ್ತು. "ಅಯ್ಯ, ಮಾಮಾನ ಗಾಡಿ! ಇನ್ನೂ ಓಡತದೇನು ಇದು!" ಎಂದು ಹಿಂದಿನ ಬಾಗಿಲು ತೆಗೆದು ಗೆಳತಿಯರಿಗೆ ತೋರಿಸಿದಳು. "ನೋಡ್ರಿ, ಇದೇ ಸೀಟು. ಸಣ್ಣಾಕಿ ಇದ್ದಾಗ ಗಾಣಗಾಪುರಕ್ಕ ಹೋಗುವಾಗ ನಾ ಇಲ್ಲೇ ವಾಂತಿ ಮಾಡ್ಕೊಂಡಿದ್ದೆ. ಇವನ ಮ್ಯಾಲೂ!"

ಅವತ್ತಿನ ಮಟ್ಟಿಗೆ ನನ್ನ ಕಾರಿಗೆ ಸಿಕ್ಕ ಕೀರ್ತಿ ಅಷ್ಟೇ.

ಸಂಜೆ ಮನೆಗೆ ಬರುವ ಹೊತ್ತಿಗೆ ಆಳಂದದಲ್ಲಿ ಮಳೆ ಧೋ ಎಂದು ಸುರಿಯುತ್ತಿತ್ತು. ಅವ್ವ ಇನ್ನೂ ಬಂದಿರಲಿಲ್ಲ. ಆಕೆ ಶಾಲೆಯಿಂದ ಕ್ರಾಸಿನ ತನಕ ನಡೆದು ಬಂದು ಅಲ್ಲಿ ಬಸ್ಸೋ ಟಂಟಂ ಆಟೋವೋ ಹಿಡಿಯಬೇಕು. "ಹೆಂಗೂ ಕೀಲಿ ಕೈಯಾಗೇ ಅದ, ಕರಕೊಂಡು ಬಾ," ಅಂದ ಅಪ್ಪ. ಹೋದೆ.

ಕ್ರಾಸಿನಲ್ಲಿ ಒಂದು ಮುಚ್ಚಿದ ಪಾನ್ ಡಬ್ಬಿ ಅಂಗಡಿಯ ತಗಡಿನ ಕೆಳಗೆ ಅವ್ವನೂ ಇನ್ನಿಬ್ಬರು ಟೀಚರುಗಳೂ ಒತ್ತಿಕೊಂಡು ನಿಂತಿದ್ದರು. ಸೀರೆಯ ಅಂಚು ಮೊಣಕಾಲ ತನಕ ಕೆಸರು. ಇಷ್ಟು ವರ್ಷ ಅವ್ವ ಮನೆಗೆ ಬರುವುದನ್ನು ನೋಡಿದ್ದೆ. ಬರುವ ಮೊದಲು ಎಲ್ಲಿ, ಹೇಗೆ ನಿಂತಿರುತ್ತಾಳೆ ಎಂದು ನೋಡಿದ್ದು ಅವತ್ತೇ. ಕಾರು ಕಂಡ ಕೂಡಲೇ ಇಬ್ಬರು ಟೀಚರುಗಳು ಹಿಂದೆ ಹತ್ತಿದರು. ಅವ್ವ ಎಡಗಡೆಗೆ ಬರಲಿಲ್ಲ. ನನ್ನ ಬಾಗಿಲ ಹತ್ತಿರ ಬಂದು ಗಾಜು ಬಡಿದಳು.

"ಆ ಕಡಿ ಸರಿ," ಅಂದಳು.

"ಮಳಿ ಜೋರದವ್ವಾ."

"ಕಣ್ಣಿಗೆ ಕಾಣಾಕತ್ತದ. ಸರಿ."

ಸರಿದೆ. ಅವ್ವ ಒದ್ದೆ ಸೆರಗಿನಲ್ಲೇ ಕೂತು, ಕನ್ನಡಿ ತನಗೆ ಬೇಕಾದಂತೆ ತಿರುಗಿಸಿಕೊಂಡು ಹೊರಟಳು. ನನ್ನ ಬಲಗಾಲು ಮ್ಯಾಟು ಒತ್ತಲು ಶುರು ಮಾಡಿದ್ದು ಅಲ್ಲಿಂದ. ಎದುರಿನಿಂದ ಲಾರಿ ಬಂದರೆ ನಾನು ಒತ್ತುತ್ತಿದ್ದೆ, ಆಕೆ ಸಾವಕಾಶ ದೀಪ ತಗ್ಗಿಸಿ ದಾಟಿಸುತ್ತಿದ್ದಳು. ಟೀಚರುಗಳನ್ನು ಅವರವರ ಓಣಿಯಲ್ಲಿ ಇಳಿಸಿದ ಮೇಲೂ ಅವ್ವ ಮನೆಯ ಕಡೆ ತಿರುಗಲಿಲ್ಲ. "ಒಂದಷ್ಟು ದೂರ ಹೋಗಿ ಬರೋಣ," ಎಂದು ಊರ ಹೊರಗಿನ ರಸ್ತೆ ಹಿಡಿದಳು. ವೈಪರ್ ಆ ಕಡೆ ಈ ಕಡೆ ಹೊಡೆದಾಡುತ್ತಿತ್ತು. ಅವ್ವನ ಗಂಟಲಲ್ಲಿ ಯಾವುದೋ ಹಾಡು, ಮಾತಿಲ್ಲದೆ, ಬರೀ ಗುಂಯ್ ಅನ್ನುತ್ತಿತ್ತು.

"ನಿನಗ ಗೊತ್ತೇನೋ ಶರಣೂ," ಅಂದಳು, ರಸ್ತೆಯಿಂದ ಕಣ್ಣು ತೆಗೆಯದೆ. "ಆ ಕ್ರಾಸಿನ್ಯಾಗ ನಿಂತು ಹೋಗೋ ಬರೋ ಕಾರು ನೋಡ್ತಿದ್ದೆ. ಭಾಳ ಹೊಟ್ಟಿ ಉರೀತಿತ್ತು ನನಗ. ಎಲ್ಲಾರೂ ಎತ್ಲಾಗೋ ಹೋಗಾಕತ್ತಾರ, ನಾ ಒಬ್ಬಾಕಿ ಇಲ್ಲಿ ನಿಂತೇನಿ ಅಂತ. ಒಳಗ ಕುಂತಾಕಿ ಯಾವಾಕಿನೇ ಇರ್ಲಿ, ಆಕಿನ್ನ ಇಳಿಸಿ ನಾ ಕೂಡಬೇಕು ಅನಸ್ತಿತ್ತು."

ನನ್ನ ಕಿಚ್ಚು ಎಲ್ಲಿಂದ ಬಂತೆಂದು ಸಣ್ಣದರಿಂದ ವಿಚಾರ ಮಾಡಿದವನು ನಾನು. ಅಪ್ಪನಿಂದಂತೂ ಅಲ್ಲ; ಬಾಜೂ ಅಂಗಡಿಯವನ ವ್ಯಾಪಾರ ಜೋರಾದರೆ ಅಪ್ಪ ಹೋಗಿ ಚಹಾ ಕುಡಿದು ಬರುವವನು. ಇಷ್ಟು ಹತ್ತಿರ, ಒದ್ದೆ ಸೀರೆಯಲ್ಲಿ ಅದು ಇತ್ತು. ಅವ್ವನ ಮುಖ ನೋಡಿದೆ. ಮಳೆಯ ಬೆಳಕಿನಲ್ಲಿ ಅದು ನನಗೆ ಗುರುತಿಲ್ಲದ ಯಾರೋ ಹುಡುಗಿಯ ಮುಖದಂತಿತ್ತು. ಅದೇ ಕಾರಿನಲ್ಲಿ ನಾನು ಕಲಬುರಗಿಗೆ ಹೋಗಿ ಬಂದಿದ್ದೆ. ಅವ್ವನ ಆ ಖುಷಿಯ ಒಂದು ಹನಿಯೂ ನನಗೆ ಸಿಕ್ಕಿರಲಿಲ್ಲ. ನನಗೆ ಕಾರು ನಿಂತಾಗ ಯಾರು ನೋಡುತ್ತಾರೆ ಎಂಬುದೇ ಬೇಕಾಗಿತ್ತು. ಆಕೆಗೆ ಅದು ಓಡಿದರೆ ಸಾಕಾಗಿತ್ತು. ಈಗ ಹೇಳಲಿಕ್ಕೂ ನಗು ಬರುತ್ತದೆ, ಅವತ್ತು ಅಶ್ವಿನಿಯ ಮೇಲಿದ್ದ ಹೊಟ್ಟೆಕಿಚ್ಚು ಸೀದಾ ಬಂದು ಅವ್ವನ ಮೇಲೆ ಕೂತಿತು.

ಮರುದಿನ ಮುಂಜಾನೆ ಚಹಾ ಕುಡಿಯುವಾಗ, "ನಾ ಬಸ್ಸಿಗೇ ಹೋಗ್ತೇನಿ. ಕಾರು ನೀನೇ ಒಯ್ಯಿ," ಅಂದೆ. ದೊಡ್ಡ ತ್ಯಾಗ ಎಂದು ತಿಳಿಯಬ್ಯಾಡ್ರಿ. ಲಾರಿಗಳ ಹೆದರಿಕೆ ಅದರಲ್ಲಿ ಅರ್ಧ ಇತ್ತು, ಆ ವಾಂತಿಯ ಕಥೆ ಇನ್ನರ್ಧ. ಉಳಿದಿದ್ದರೆ ಎಲ್ಲೋ ಚೂರು, ಆ ಪಾನ್ ಡಬ್ಬಿಯ ತಗಡು.

"ಖರೇನೇ?" ಅಂದಳು ಅವ್ವ.

"ಖರೇ."

"ನಾಳಿ ಮತ್ತ ಬೇಕು ಅಂದೀ."

"ಅನ್ನಂಗಿಲ್ಲ."

ನಾನು ಒಂದಿಷ್ಟು ಕಣ್ಣೀರು, ತಲೆಯ ಮೇಲೆ ಕೈ, ಇಂಥದ್ದೇನಾದರೂ ಇರಬಹುದೆಂದು ಕಾದೆ. ಅವ್ವ ಅರ್ಧ ಚಹಾ ಅಲ್ಲೇ ಬಿಟ್ಟು ಎದ್ದು, ನಾನು ಮನಸ್ಸು ಬದಲಿಸುವುದರೊಳಗೆ ಗೂಟದ ಮೇಲಿನ ಕೀಲಿ ತೆಗೆದು ಬ್ಲೌಸಿನೊಳಗೆ ಇಟ್ಟುಕೊಂಡಳು.

ಆಮೇಲಿನದು ಆಳಂದದಲ್ಲಿ ಎಲ್ಲರಿಗೂ ಗೊತ್ತು. ಕ್ರಾಸಿನಲ್ಲಿ ನಿಲ್ಲುತ್ತಿದ್ದ ಇಬ್ಬರು ಟೀಚರುಗಳು ಕಾಯಂ ಪ್ರಯಾಣಿಕರಾದರು. ಮೊದಲ ದಿನ ಶಾಲೆಯ ಹುಡುಗರೆಲ್ಲ ಹಳ್ಳಿಯ ಹೊರಗಿನಿಂದಲೇ ಕಾರಿನ ಬೆನ್ನು ಹತ್ತಿ ಓಡಿಬಂದರಂತೆ. ಅಂಗಡಿಗೆ ಬಂದ ಗಿರಾಕಿಯೊಬ್ಬ, "ಏನ್ರಿ ಸಾವ್ಕಾರ್ರ, ಮನ್ಯಾವ್ರು ಕಾರು ಹೊಡ್ಯಾಕತ್ತಾರಲ್ಲ?" ಎಂದು ಕೇಳಿದ್ದಕ್ಕೆ ಅಪ್ಪ, "ಹೌದ್ರಿ, ನನಗ ಆಕಿಯಷ್ಟು ಬರಂಗಿಲ್ಲ, ಅದಕ್ಕ," ಎಂದು ಬೀಜದ ಚೀಲ ತೂಗಿಕೊಟ್ಟನಂತೆ. ಐತವಾರ ಬಂದರೆ ಅವ್ವನಿಗೆ ಏನೋ ಒಂದು ಕೆಲಸ ಗೊಬ್ಬೂರಿನಲ್ಲಿರುತ್ತಿತ್ತು, ಇಲ್ಲವೆ ಗೆಳತಿಯರಿಗೆ ಗಾಣಗಾಪುರದ ಹರಕೆ ನೆನಪಾಗುತ್ತಿತ್ತು. ಮನೆಯಲ್ಲಿ ಅಪ್ಪನೂ ನಾನೂ ಅವಲಕ್ಕಿ ಕಲಸಿಕೊಂಡು ತಿನ್ನುತ್ತಿದ್ದೆವು.

ತೊಗರಿ ಸುಗ್ಗಿ ಶುರುವಾದ ದಿನಗಳಲ್ಲಿ ಒಂದು ಮುಂಜಾನೆ ಯಾರ್ಡಿನ ಹತ್ತಿರ ಟ್ರ್ಯಾಕ್ಟರುಗಳ ಸಾಲಿನ ಹಿಂದೆ ನಮ್ಮ ಬಸ್ಸು ಸಿಕ್ಕಿಹಾಕಿಕೊಂಡಿತ್ತು. ಯಾವುದೋ ಟ್ರೇನಿಂಗಿಗೆಂದು ಅವ್ವ ಅವತ್ತು ನಾನು ಮನೆ ಬಿಟ್ಟ ಮೇಲೆ ಕಲಬುರಗಿಗೆ ಹೊರಟಿದ್ದಳು. ಬಸ್ಸಿನ ಬಾಜೂಕಿನಿಂದ ಬಿಳಿ ಕಾರು ಬಂತು, ಎರಡು ಟ್ರ್ಯಾಕ್ಟರುಗಳ ನಡುವೆ ನಯವಾಗಿ ನುಸುಳಿ ಮುಂದೆ ಹೋಯಿತು. ಹೋಗುವಾಗ ಎರಡು ಸಲ ಹಾರ್ನು.

"ಯಾರ್, ತೇರಿ ಅಮ್ಮೀ!" ಎಂದು ಇಸ್ಮಾಯಿಲ್ ನನ್ನ ಹೆಗಲಿಗೆ ಗುದ್ದಿದ. ಕಂಬಿ ಹಿಡಿದು ನಿಂತವರೆಲ್ಲ ಬಗ್ಗಿ ನೋಡಿದರು. "ಭಾರಿ ಹೊಡಿತಾಳಲ್ಲ ಹೆಣ್ಣುಮಗಳು," ಅಂದ ಕಂಡಕ್ಟರು. ನನಗೆ ಎದೆ ಉಬ್ಬಿತೋ ಹೊಟ್ಟೆ ಉರಿಯಿತೋ ಬಿಡಿಸಿ ಹೇಳಲಾರೆ. ಎರಡೂ ಬಾಜೂ ಬಾಜೂಕೇ ಇವೆಯಲ್ಲ.

ಅಶ್ವಿನಿಯ ವಿಷಯವನ್ನೂ ಹೇಳಿಬಿಡುತ್ತೇನೆ. ಒಂದು ದಿನ ಆಕೆ ನಮ್ಮ ಮನೆಗೆ ಬಂದಾಗ ಅಡುಗೆಮನೆಯಲ್ಲಿ ಅವ್ವನ ಜೊತೆ ಟೈರು, ಮೈಲೇಜು ಎಂದು ಭಾಳ ಹೊತ್ತು ಮಾತಾಡಿದಳು. ಆ ಮಾತಿನಲ್ಲಿ ನನಗೆ ಸೀಟು ಇರಲಿಲ್ಲ. ಹೊರಗೆ ಬಂದು ಕಟ್ಟೆಯ ಮೇಲೆ ಕೂತವಳು ನನಗೆ ಅಂದಳು, "ನೀ ಭಾಳ ನಸೀಬದಾವ ನೋಡು. ನೀವು ಬಸ್ಸಿನವರು ಗೇಟಿನ್ಯಾಗ ಬರುವಾಗ ಹೊಟ್ಟಿ ಹಿಡ್ಕೊಂಡು ನಕ್ಕೋತ ಬರ್ತೀರಿ. ನಾ ಗೊಬ್ಬೂರಿಂದ ಕಲಬುರಗಿ ತನಕ ಒಬ್ಬಾಕಿನೇ. ಅಪ್ಪ ಸುಮ್ನ ಸುಮ್ನ ಫೋನ್ ಮಾಡ್ತಾನ, ಎಲ್ಲಿಗೆ ಬಂದೀ, ಎಲ್ಲಿಗೆ ಬಂದೀ ಅಂತ. ನಿಮ್ಮನ್ನ ನೋಡಿದ್ರ ನನಗ ಹೊಟ್ಟಿ ಉರೀತದ."

ನಾನು ಆಕೆಗೆ ಸಮಾಧಾನ ಹೇಳಬೇಕಿತ್ತು. ಹೇಳಲಿಲ್ಲ. ನನ್ನ ಮೇಲೂ ಹೊಟ್ಟೆಕಿಚ್ಚು ಪಡುವವರು ಈ ಜಗತ್ತಿನಲ್ಲಿ ಒಬ್ಬರಿದ್ದಾರೆ ಎಂಬ ಆನಂದ ನನ್ನನ್ನು ಒಂದು ವಾರ ನೆಲದಿಂದ ಒಂದು ಗೇಣು ಮೇಲಕ್ಕೇ ಇಟ್ಟಿತ್ತು. ಆಮೇಲಿನಿಂದ ಸಂಜೆ ಆಕೆ ಬಸ್ ಸ್ಟ್ಯಾಂಡಿಗೆ ಬಿಡುತ್ತೇನೆ ಅಂದರೆ ಹತ್ತಿಕೊಳ್ಳತೊಡಗಿದೆ. ದಾರಿಯಲ್ಲಿ ಬಸ್ಸಿನ ಆ ದಿನದ ಗದ್ದಲವನ್ನೆಲ್ಲ ಹೇಳಿ ನಗಿಸುತ್ತಿದ್ದೆ. ಕೆಲವು ದಿನ, ಹೇಳಲು ಏನೂ ಇಲ್ಲದಾಗ, ಹುಟ್ಟಿಸಿಯೂ ಹೇಳಿದ್ದುಂಟು.

ಆ ವರ್ಷದ ಕೊನೆಗೆ ಅವ್ವನಿಗೆ ವರ್ಗಾವಣೆಯ ಅವಕಾಶ ಬಂತು. ಆಳಂದದಲ್ಲೇ, ನಮ್ಮ ಓಣಿಯ ತಿರುವಿನ ಶಾಲೆ. ಗಂಟೆ ಹೊಡೆದರೆ ನಮ್ಮ ಅಂಗಳಕ್ಕೆ ಕೇಳುತ್ತದೆ. ಅದಕ್ಕಾಗಿ ಎಷ್ಟೋ ಟೀಚರುಗಳು ವರ್ಷಗಟ್ಟಲೆ ಕಾಯುತ್ತಾರೆ. ಅಪ್ಪ ಖುಷಿಯಿಂದ ಅಂಗಡಿ ಅರ್ಧಕ್ಕೇ ಮುಚ್ಚಿ ಜಿಲೇಬಿ ತಂದ. ಅವ್ವ ಆ ಜಾಗ ಬೇಡ ಎಂದು ಹೇಳಿ ಬಂದಿದ್ದಳು.

"ಬ್ಯಾಡ ಅಂದ್ಯೇನು?" ಅಪ್ಪ ಜಿಲೇಬಿಯ ಪೊಟ್ಟಣ ಕೈಯಲ್ಲಿ ಹಿಡಿದೇ ನಿಂತ. "ತಲಿ ಕೆಟ್ಟದೇನು ನಿಂದು? ಶಾಲಿ ಮನಿ ಬಾಗಿಲಿಗೇ ಬಂದದ!"

"ಅದಕ್ಕೇ ಬ್ಯಾಡ ಅಂದೆ," ಅಂದಳು ಅವ್ವ. "ಶಾಲಿ ಮನಿ ಬಾಗಿಲಿಗೇ ಬಂದ್ರ, ದಿನಾ ಮುಂಜಾನೆದ್ದು ನಾ ಎಲ್ಲಿಗೆ ಹೋಗ್ಲಿ?"

ಅಪ್ಪ ನನ್ನ ಮುಖ ನೋಡಿದ. ಆಮೇಲೆ ತಾನೇ ಒಂದು ಜಿಲೇಬಿ ತೆಗೆದು ಬಾಯಿಗೆ ಹಾಕಿಕೊಂಡು, ಪೊಟ್ಟಣವನ್ನು ಆಕೆಯ ಮುಂದೆ ಹಿಡಿದ. ಅವ್ವ ಎರಡು ತೆಗೆದುಕೊಂಡಳು.

ಮರುದಿನ ನನಗೆ ಪರೀಕ್ಷೆ. ಏಳುವುದು ತಡವಾಗಿತ್ತು, ಬಸ್ಸು ಸಿಗುತ್ತದೋ ಇಲ್ಲವೋ ಎಂಬ ಗಡಿಬಿಡಿ. ಅವ್ವ ಕಾರು ಹೊರಗೆ ತೆಗೆಯುತ್ತಿದ್ದಳು. ಬ್ಯಾಗು ಹಿಡಿದು ಓಡಿಹೋಗಿ, "ಅವ್ವಾ, ಬಸ್ ಸ್ಟ್ಯಾಂಡ್ ತನಕ ಬಿಟ್ಟು ಹೋಗು," ಅಂದೆ.

ಅವ್ವ ಕೈಗಡಿಯಾರ ನೋಡಿಕೊಂಡಳು. ಆಮೇಲೆ ರಸ್ತೆಯ ಎರಡೂ ಕಡೆ ನೋಡಿದಳು.

"ಆ ಕಡಿ ಉಲ್ಟಾ ಆಗತದಪ್ಪಾ ನನಗ," ಅಂದಳು. "ಜೋರ್ ನಡಿ, ಸಿಗತದ." ಗೇರ್ ಹಾಕಿ ತನ್ನ ಶಾಲೆಯತ್ತ, ಗಡಿಯ ಕಡೆಗೆ ಹೊರಟೇ ಹೋದಳು.